ತಾಮ್ರದ ಹಡಗಿನಿಂದ ಸೌರಫಲಕದ ಕಾಲಿನವರೆಗೆ



ಸೌರವಿದ್ಯುತ್ತಿನ ಮಾತು ಬಂದಾಗ ನಾವೆಲ್ಲರೂ ಫಲಕದ ಮುಖವನ್ನೇ ನೋಡುತ್ತೇವೆ. ಆ ಹೊಳೆಯುವ ಗಾಜು, ಅದರಡಿಯ ಸಿಲಿಕಾನ್ ಬಿಲ್ಲೆಗಳು, ಬಿಸಿಲು ವಿದ್ಯುತ್ತಾಗುವ ಸೋಜಿಗ. ಪಠ್ಯಪುಸ್ತಕದಲ್ಲಿಯೂ ಅದರದೇ ಚಿತ್ರ. ಇಂದು ನಿಮ್ಮನ್ನು ಫಲಕದ ಹಿಂಬದಿಗೆ ಕರೆದೊಯ್ಯುತ್ತೇನೆ. ಸ್ವಲ್ಪ ಬಗ್ಗಿ ನೋಡಬೇಕಾಗುತ್ತದೆ. ಅಲ್ಲಿ ಫಲಕಕ್ಕೆ ಸುತ್ತುಗಟ್ಟಿದ ಅಲ್ಯೂಮಿನಿಯಂ ಚೌಕಟ್ಟಿದೆ. ಚೌಕಟ್ಟನ್ನು ಹಿಡಿದಿರುವ ಕ್ಲಾಂಪು, ಅದನ್ನು ಬಿಗಿದ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು, ಕೆಳಗೆ ಸತುವಿನ ಲೇಪವುಳ್ಳ ಉಕ್ಕಿನ ಕಾಲು, ಪಕ್ಕದಲ್ಲಿ ನೆಲಕ್ಕಿಳಿಯುವ ತಾಮ್ರದ ತಂತಿ. ಒಂದು ಗೇಣು ಜಾಗದಲ್ಲಿ ಇಷ್ಟೊಂದು ಲೋಹಗಳು. ಫಲಕ ತಯಾರಿಸುವವರು ಸಾಮಾನ್ಯವಾಗಿ 25 ವರ್ಷಗಳ ಭರವಸೆ ಕೊಡುತ್ತಾರೆ. ಅಂದರೆ ಇವೆಲ್ಲವೂ 25 ಮಳೆಗಾಲ ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳಬೇಕು. ಬಾಳುತ್ತವೆಯೆ?

ಲೋಹಗಳ ಬಗ್ಗೆ ಈ ಪ್ರಶ್ನೆಯನ್ನು ದುಬಾರಿ ಬೆಲೆ ತೆತ್ತು ಕೇಳಿಕೊಂಡವರು ಸೌರಫಲಕದವರಲ್ಲ, ಹಡಗು ಕಟ್ಟುವವರು. ಆದ್ದರಿಂದ ನಮ್ಮ ಕಥೆ ಸಮುದ್ರದಲ್ಲಿ ಆರಂಭವಾಗುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ಹಡಗುಗಳು ಮರದವು. ಬೆಚ್ಚಗಿನ ಸಮುದ್ರಗಳಲ್ಲಿ ಮರವನ್ನು ಕೊರೆದು ತಿನ್ನುವ ಹಡಗುಹುಳುವಿನ ಕಾಟ. ಜೊತೆಗೆ ತಳಕ್ಕೆ ಅಂಟಿ ಬೆಳೆಯುವ ಪಾಚಿ, ಚಿಪ್ಪುಜೀವಿಗಳು. ಇವನ್ನು ತಡೆಯಲು ಬ್ರಿಟಿಷ್ ನೌಕಾಪಡೆ 1761ರಲ್ಲಿ ‘ಅಲಾರ್ಮ್’ ಎಂಬ 32 ಫಿರಂಗಿಗಳ ಯುದ್ಧನೌಕೆಯ ತಳಕ್ಕೆ ತೆಳುವಾದ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್ ಕಡೆಗೆ ಕಳುಹಿಸಿತು. 1763ರಲ್ಲಿ ಹಡಗನ್ನು ಪರೀಕ್ಷಿಸಿದಾಗ ತಾಮ್ರ ಹುಳುವನ್ನು ತಡೆದಿರುವುದು ಕಂಡಿತು. ಆದರೆ ಹಲವೆಡೆ ತಗಡೇ ಕಳಚಿ ಹೋಗಿತ್ತು. ಕಾರಣ, ತಗಡನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕೊಳೆತ ಹಾಗೆ ಸವೆದುಹೋಗಿದ್ದವು. ಕಬ್ಬಿಣ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುವುದು ಯಾರಿಗೂ ಹೊಸತಲ್ಲ. ಆದರೆ ಎರಡೇ ವರ್ಷಕ್ಕೆ ಈ ಪರಿ ಸವೆತವೆ?

ಪರೀಕ್ಷಿಸಿದವರ ಕಣ್ಣಿಗೆ ಇನ್ನೊಂದು ಸಂಗತಿಯೂ ಬಿತ್ತು. ಕೆಲವು ಮೊಳೆಗಳು ಅಷ್ಟಾಗಿ ಕೆಟ್ಟಿರಲಿಲ್ಲ. ತಾಮ್ರದ ತಗಡುಗಳು ಹಡಗುಕಟ್ಟೆಗೆ ಬಂದಾಗ ಅವುಗಳಿಗೆ ಕಂದುಬಣ್ಣದ ಕಾಗದ ಸುತ್ತಿತ್ತು. ಕೆಲಸಗಾರರು ಕೆಲವು ಕಡೆ ಅದನ್ನು ಪೂರ್ತಿ ತೆಗೆಯದೆ ಹಾಗೆಯೇ ಮೊಳೆ ಹೊಡೆದಿದ್ದರು. ಮೊಳೆಯ ತಲೆಗೂ ತಾಮ್ರಕ್ಕೂ ನಡುವೆ ಕಾಗದ ಸಿಕ್ಕಿಕೊಂಡಿದ್ದಲ್ಲೆಲ್ಲ ಕಬ್ಬಿಣ ಉಳಿದಿತ್ತು! ಸಮುದ್ರದ ನೀರಿನಲ್ಲಿ ಕಬ್ಬಿಣಕ್ಕೂ ತಾಮ್ರಕ್ಕೂ ನೇರ ಸಂಪರ್ಕವಾಗಬಾರದು ಎಂದು ಅವರು ವರದಿ ಬರೆದರು. ಏಕೆ ಆಗಬಾರದು ಎಂಬುದು ಮಾತ್ರ ಅವರಿಗೆ ತಿಳಿಯಲಿಲ್ಲ, ತಿಳಿಯುವಂತೆಯೂ ಇರಲಿಲ್ಲ. ಸೋಮಾರಿ ಕೆಲಸಗಾರನೊಬ್ಬ ಬಿಟ್ಟುಹೋದ ಕಾಗದದ ಚೂರು ಉತ್ತರವನ್ನು ತೋರಿಸಿತ್ತು, ವಿವರಣೆಗೆ ಇನ್ನೂ ನಲವತ್ತು ವರ್ಷ ಬೇಕಿತ್ತು.

ವಿವರಣೆ ಬಂದದ್ದು ಇಟಲಿಯಿಂದ. ಸತ್ತ ಕಪ್ಪೆಯ ಕಾಲಿಗೆ ಎರಡು ಬೇರೆ ಬೇರೆ ಲೋಹಗಳು ತಾಗಿದಾಗ ಕಾಲು ಸೆಟೆಯುವುದನ್ನು ಗಾಲ್ವಾನಿ 1791ರಲ್ಲಿ ಪ್ರಕಟಿಸಿದ. ಅದು ಪ್ರಾಣಿಯೊಳಗಿನ ವಿದ್ಯುತ್ತು ಎಂದು ಆತನ ನಂಬಿಕೆ. ವೋಲ್ಟಾ ಒಪ್ಪಲಿಲ್ಲ. ಕಪ್ಪೆಯನ್ನೇ ಬಿಟ್ಟು, ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನಿಟ್ಟು, ಒಂದರ ಮೇಲೊಂದು ಪೇರಿಸಿ, 1800ರಲ್ಲಿ ವಿದ್ಯುತ್ತನ್ನು ಪಡೆದ. ಶಾಲೆಯಲ್ಲಿ ಇದನ್ನು ಮೊದಲ ಬ್ಯಾಟರಿ ಎಂದು ಕಲಿಯುತ್ತೇವೆ. ಈಗ ಹಡಗಿನ ಮೊಳೆಯನ್ನು ನೆನೆಯಿರಿ. ಎರಡು ಬೇರೆ ಲೋಹ, ಅವುಗಳ ನಡುವೆ ಸ್ಪರ್ಶ, ಸುತ್ತ ಉಪ್ಪುನೀರು. ‘ಅಲಾರ್ಮ್’ ಹಡಗಿನ ತಳವೂ ಒಂದು ಬ್ಯಾಟರಿಯೇ. ಬ್ಯಾಟರಿಯಲ್ಲಿ ಒಂದು ಲೋಹ ಕರಗುತ್ತಲೇ ಇರಬೇಕು, ಇನ್ನೊಂದು ಸುರಕ್ಷಿತ. ಇಲ್ಲಿ ಕರಗುವ ಸರದಿ ಕಬ್ಬಿಣದ್ದು.

ಯಾವ ಲೋಹ ಕರಗುತ್ತದೆ, ಯಾವುದು ಉಳಿಯುತ್ತದೆ? ರಸಾಯನಶಾಸ್ತ್ರದ ಪುಸ್ತಕದಲ್ಲಿ ಲೋಹಗಳ ಕ್ರಿಯಾಶೀಲತೆಯ ಶ್ರೇಣಿ ಇದೆಯಲ್ಲ, ಪರೀಕ್ಷೆಗೆಂದು ಬಾಯಿಪಾಠ ಮಾಡುವ ಆ ಪಟ್ಟಿ, ಅದೇ ಉತ್ತರ. ಸಮುದ್ರದ ನೀರಿನಲ್ಲಿ ಅಳೆದರೆ ಅನುಕ್ರಮ ಹೆಚ್ಚುಕಡಿಮೆ ಹೀಗೆ: ಸತು ಎಲ್ಲಕ್ಕಿಂತ ಬೇಗ ಬಲಿಯಾಗುವುದು, ಅದರ ಹತ್ತಿರವೇ ಅಲ್ಯೂಮಿನಿಯಂ, ಆಮೇಲೆ ಸಾಮಾನ್ಯ ಉಕ್ಕು, ದೂರದಲ್ಲಿ ತಾಮ್ರ, ಇನ್ನೂ ಆಚೆ ಸ್ಟೇನ್‌ಲೆಸ್ ಸ್ಟೀಲು. ಪಟ್ಟಿಯಲ್ಲಿ ದೂರ ಇರುವ ಎರಡು ಲೋಹಗಳನ್ನು ಒದ್ದೆಯಲ್ಲಿ ಜೋಡಿಸಿದಷ್ಟೂ ಸವೆತ ಜೋರು.

ಈ ಜ್ಞಾನವನ್ನು ತಿರುಗಿಸಿ ಬಳಸಿದವನು ಹಂಫ್ರಿ ಡೇವಿ. ತಾಮ್ರದ ತಗಡೂ ನಿಧಾನವಾಗಿ ಸಮುದ್ರದಲ್ಲಿ ಸವೆಯುತ್ತಿತ್ತು. 1824ರಲ್ಲಿ ಡೇವಿ, ತಾಮ್ರಕ್ಕೆ ಅಲ್ಲಲ್ಲಿ ಸಣ್ಣ ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ಬೇಕೆಂದೇ ಅಂಟಿಸಿದರೆ ಅವು ಕರಗಿ ತಾಮ್ರವನ್ನು ಕಾಯುತ್ತವೆ ಎಂದು ತೋರಿಸಿದ. ತಾಮ್ರದ ವಿಸ್ತೀರ್ಣದ ನಲವತ್ತನೆಯ ಒಂದು ಪಾಲು, ಅದಕ್ಕೂ ಕಡಿಮೆ ಸಾಕಾಯಿತು. ತಾಮ್ರವೇನೋ ಉಳಿಯಿತು, ಆದರೆ ಹಡಗುಗಳ ತಳದಲ್ಲಿ ಮತ್ತೆ ಪಾಚಿ, ಚಿಪ್ಪು ಬೆಳೆಯತೊಡಗಿದವು. ತಾಮ್ರ ಕೊಂಚ ಕೊಂಚವೇ ಕರಗುತ್ತಿದ್ದುದರಿಂದಲೇ ಅವು ಹತ್ತಿರ ಬರುತ್ತಿರಲಿಲ್ಲ! ನೌಕಾಪಡೆ ಯೋಜನೆಯನ್ನು ಕೈಬಿಟ್ಟಿತು. ಡೇವಿಗೆ ಇದು ದೊಡ್ಡ ಮುಖಭಂಗ. ಆದರೂ ಅವನ ಲೆಕ್ಕ ತಪ್ಪಿರಲಿಲ್ಲ. ಇಂದಿಗೂ ಹಡಗುಗಳಿಗೂ ನೆಲದಡಿಯ ಕೊಳವೆಗಳಿಗೂ ಇಂಥ ಬಲಿಲೋಹವನ್ನು ಕಟ್ಟುತ್ತಾರೆ.

ಸತುವಿನ ಮಾತು ಬಂತು. ಅದಕ್ಕೆ ನಮ್ಮ ದೇಶದಲ್ಲಿ ದೊಡ್ಡ ಇತಿಹಾಸವಿದೆ. ಅದಿರಿನಿಂದ ಸತುವನ್ನು ಪಡೆಯುವುದು ಬಹಳ ಕಷ್ಟ, ಏಕೆಂದರೆ ಕುಲುಮೆಯ ಶಾಖಕ್ಕೆ ಅದು ಕರಗಿ ನಿಲ್ಲುವುದಿಲ್ಲ, 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾಗಿ ಹಾರಿಹೋಗುತ್ತದೆ. ರಾಜಸ್ಥಾನದ ಜಾವರ್‌ನ ಕುಶಲಿಗಳು ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ನಿಲ್ಲಿಸಿ, ಆವಿಯನ್ನು ಕೆಳಗಿನ ತಂಪು ಪಾತ್ರೆಗೆ ಇಳಿಸಿ ಹಿಡಿಯುತ್ತಿದ್ದರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಇಂಥ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು 1738ರಲ್ಲಿ. ಜಾವರ್ ಅದಕ್ಕಿಂತ ಶತಮಾನಗಳಷ್ಟು ಹಿಂದಿನದು.

ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಬಹುದು ಎಂದು ಫ್ರಾನ್ಸಿನ ಮಲೂಯಿನ್ 1742ರಲ್ಲಿಯೇ ತಿಳಿಸಿದ್ದರೂ, ಅದು ಉದ್ಯಮವಾದದ್ದು 1837ರಲ್ಲಿ ಸೊರೆಲ್ ಎಂಬ ಎಂಜಿನಿಯರ್ ಹಕ್ಕುಪತ್ರ ಪಡೆದ ಮೇಲೆ. ಗಾಲ್ವಾನಿಯ ಹೆಸರಿನಿಂದ ಅದಕ್ಕೆ ‘ಗ್ಯಾಲ್ವನೈಸ್’ ಎಂದು ಹೆಸರಾಯಿತು. ನಾವು ದಿನಬೆಳಗಾದರೆ ‘ಜಿ.ಐ. ಪೈಪು’, ‘ಜಿ.ಐ. ತಗಡು’ ಎನ್ನುವುದರ ಮೂಲ ಇದು. ಕಪ್ಪೆಯ ಕಾಲಿನಿಂದ ನಮ್ಮ ನಲ್ಲಿಯವರೆಗೆ ಬಂದ ಹೆಸರು ನೋಡಿ!

ಇಲ್ಲಿ ಒಂದು ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಿ. ಬಿಸ್ಕತ್ತಿನ, ಎಣ್ಣೆಯ ಡಬ್ಬಗಳ ಉಕ್ಕಿಗೆ ತವರದ ಲೇಪವಿರುತ್ತದೆ. ಡಬ್ಬದ ಮೇಲೆ ಗೀರು ಬಿದ್ದು ಒದ್ದೆಯಾದರೆ ಆ ಗೀರಿನಲ್ಲಿ ತುಕ್ಕು ಬೇಗ ಹರಡುತ್ತದೆ, ಏಕೆಂದರೆ ಅಲ್ಲಿ ಕರಗುವ ಸರದಿ ಕಬ್ಬಿಣದ್ದು, ತವರದ್ದಲ್ಲ. ಸತುವಿನ ಲೇಪಕ್ಕೆ ಗೀರು ಬಿದ್ದರೆ ಸುತ್ತಲಿನ ಸತು ತಾನು ಕರಗಿ ಬಯಲಾದ ಉಕ್ಕನ್ನು ಕಾಯುತ್ತದೆ. ತವರ ಬರಿಯ ಹೊದಿಕೆ; ಸತು ಹೊದಿಕೆಯೂ ಹೌದು, ಕಾವಲುಗಾರನೂ ಹೌದು. ಸೌರಫಲಕದ ಕಾಲುಗಳಿಗೆ ಸತುವಿನ ಲೇಪವನ್ನೇ ಆರಿಸಿರುವುದಕ್ಕೆ ಇದೇ ಕಾರಣ. ಸಾಗಣೆಯಲ್ಲಿ, ಜೋಡಣೆಯಲ್ಲಿ ಗೀರು ಬೀಳದ ಕಂಬ ಎಲ್ಲಿದೆ?

ಆದರೆ ಕಾವಲುಗಾರನಿಗೂ ಆಯುಷ್ಯವಿದೆ. ಅದನ್ನು ನೀವೇ ಲೆಕ್ಕ ಹಾಕಬಹುದು. ಮೂರರಿಂದ ಆರು ಮಿಲಿಮೀಟರ್ ದಪ್ಪದ ಉಕ್ಕನ್ನು ಕರಗಿದ ಸತುವಿನಲ್ಲಿ ಅದ್ದಿದಾಗ ಲೇಪ ಸರಾಸರಿ 70 ಮೈಕ್ರಾನ್‌ಗೆ ಕಡಿಮೆಯಾಗಬಾರದು ಎಂಬುದು ಅಂತರರಾಷ್ಟ್ರೀಯ ಮಾನಕ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಮಧ್ಯಮ ತರಗತಿಯ ಹವೆಯಲ್ಲಿ ಸತು ವರ್ಷಕ್ಕೆ 0.7ರಿಂದ 2.1 ಮೈಕ್ರಾನ್ ಸವೆಯುತ್ತದೆ. ಹೆಚ್ಚಿನ ದರವನ್ನೇ ಹಿಡಿದರೂ 70 ಮೈಕ್ರಾನ್ ಮೂವತ್ತು ವರ್ಷ ದಾಟುತ್ತದೆ. ಉಪ್ಪುಗಾಳಿಯ ಕಡಲತೀರದ ತೀವ್ರ ತರಗತಿಯಲ್ಲಿ ಸವೆತ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್. ಅದೇ ಕಂಬ ಅಲ್ಲಿ ಎಂಟು ವರ್ಷಕ್ಕೆ, ಹೆಚ್ಚೆಂದರೆ ಹದಿನಾರು ವರ್ಷಕ್ಕೆ ಬರಿಮೈಯಾಗುತ್ತದೆ. ಫಲಕದ ಆಯುಷ್ಯ ಇನ್ನೂ ಬಾಕಿ ಇರುವಾಗಲೇ ಕಾಲು ಹೋಯಿತು.

ಆದ್ದರಿಂದ ‘ಯಾವ ಲೋಹ ಒಳ್ಳೆಯದು’ ಎಂದು ಬರಿದೇ ಕೇಳಿದರೆ ಉತ್ತರವಿಲ್ಲ. ಎಲ್ಲಿಗೆ ಎಂದೂ ಹೇಳಬೇಕು. ತುಮಕೂರು ಜಿಲ್ಲೆಯ ಪಾವಗಡದ ಬಯಲನ್ನು ನೆನೆಯಿರಿ. ಮಳೆ ಕಡಿಮೆ, ಕಡಲು ದೂರ. ಸುಮಾರು 13,000 ಎಕರೆಯಲ್ಲಿ ಹರಡಿ, 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿದ ಸೌರ ಉದ್ಯಾನ ಅಲ್ಲಿದೆ. ಬರದ ಸೀಮೆ ಎಂದು ಹೆಸರಾದ ಆ ಒಣಹವೆ ಲೋಹಕ್ಕೆ ಮಾತ್ರ ವರ. ಅಲ್ಲಿಗೆ ಒಪ್ಪುವ ಕಂಬವನ್ನು ಹಾಗೆಯೇ ತಂದು ಕಾರವಾರದ ದಂಡೆಯಲ್ಲಿ ನೆಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ.

ಇನ್ನು ಅಲ್ಯೂಮಿನಿಯಂ. ಭೂಮಿಯ ಹೊರಪದರದಲ್ಲಿ ಅತಿ ಹೇರಳವಾದ ಲೋಹ ಇದಾದರೂ ಬಹುಕಾಲ ಅಪರೂಪದ ವಸ್ತುವಾಗಿತ್ತು. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುದಿಗೆ ಮೂರು ಕಿಲೋಗ್ರಾಂಗೂ ಕಡಿಮೆ ತೂಕದ ಅಲ್ಯೂಮಿನಿಯಂ ಶಿಖರವನ್ನಿಟ್ಟಾಗ ಅದೊಂದು ಪ್ರತಿಷ್ಠೆಯ ಸಂಗತಿ. ಎರಡೇ ವರ್ಷದಲ್ಲಿ, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಬೇರೆಬೇರೆಯಾಗಿ ವಿದ್ಯುತ್ತಿನಿಂದ ಅಲ್ಯೂಮಿನಿಯಂ ಬೇರ್ಪಡಿಸುವ ಒಂದೇ ವಿಧಾನವನ್ನು ಕಂಡುಹಿಡಿದರು. ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದೂ ಒಂದೇ ವರ್ಷ, 1914ರಲ್ಲಿ. ಇತಿಹಾಸಕ್ಕೆ ಒಮ್ಮೊಮ್ಮೆ ಇಂಥ ತಮಾಷೆ. ಅವರಿಂದಾಗಿ ಶಿಖರದ ಲೋಹ ನಮ್ಮ ಅಡುಗೆಮನೆಯ ಪಾತ್ರೆಯಾಯಿತು.

ಕ್ರಿಯಾಶೀಲತೆಯ ಪಟ್ಟಿ ನೋಡಿದರೆ ಅಲ್ಯೂಮಿನಿಯಂ ಮಳೆಯಲ್ಲಿ ಕರಗಿಯೇ ಹೋಗಬೇಕು. ಹೋಗುವುದಿಲ್ಲ. ಗಾಳಿ ಸೋಕಿದ ಕೂಡಲೇ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಬೆಳೆದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕಬ್ಬಿಣದ ತುಕ್ಕು ಹೊಪ್ಪಳಿಕೆಯಾಗಿ ಉದುರಿ ಒಳಗಿನ ಲೋಹವನ್ನು ಬಯಲು ಮಾಡುತ್ತದೆ, ಇದು ಹಾಗಲ್ಲ. ವಿದ್ಯುತ್ತಿನ ನೆರವಿನಿಂದ ಆ ಪೊರೆಯನ್ನೇ ದಪ್ಪ ಬೆಳೆಸುವುದಕ್ಕೆ ‘ಅನೋಡೈಸಿಂಗ್’ ಎಂದು ಹೆಸರು. 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ನೀರಮೇಲಿಳಿಯುವ ವಿಮಾನಗಳ ಭಾಗಗಳನ್ನು ಉಪ್ಪುನೀರಿನಿಂದ ಕಾಪಾಡಲೆಂದು ಇದು ರೂಢಿಗೆ ಬಂತು. ಸೌರಫಲಕದ ಚೌಕಟ್ಟಿನ ಮಂದ ಹೊಳಪು ಇದರದೇ. ಆದರೆ ಸುಣ್ಣ, ಹಸಿ ಸಿಮೆಂಟುಗಳ ಕ್ಷಾರಕ್ಕೆ ಈ ಪೊರೆ ತಡೆಯುವುದಿಲ್ಲ. ಅಲ್ಯೂಮಿನಿಯಂ ಕಾಲನ್ನು ನೇರವಾಗಿ ಕಾಂಕ್ರೀಟಿನಲ್ಲಿ ಹೂಳುವುದು ತಪ್ಪು.

ಮೂರನೆಯ ಲೋಹದ ಕಥೆ ಚಿಕ್ಕದು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗಳ ಸವೆತಕ್ಕೆ ಮದ್ದು ಹುಡುಕುತ್ತ ಕ್ರೋಮಿಯಂ ಸೇರಿದ ಉಕ್ಕನ್ನು ಮಾಡಿದ. ಅದು ಕಲೆ ಹಿಡಿಯಲಿಲ್ಲ. ಜರ್ಮನಿಯ ಕ್ರುಪ್ ಕಾರ್ಖಾನೆಯವರು ಅದೇ ಕಾಲದಲ್ಲಿ ನಿಕ್ಕಲ್ ಕೂಡ ಸೇರಿಸಿದ್ದರು. ಇಂದಿನ 304 ಎಂಬ ಬಗೆಯಲ್ಲಿ ನೂರಕ್ಕೆ ಸುಮಾರು 18 ಕ್ರೋಮಿಯಂ, 8 ನಿಕ್ಕಲ್. ಕಡಲತೀರಕ್ಕೆ 316 ಬೇಕು. ಅದರಲ್ಲಿ ಎರಡು-ಮೂರು ಪಾಲು ಮಾಲಿಬ್ಡಿನಂ ಇರುತ್ತದೆ. ಬೆಲೆ ಹೆಚ್ಚು. ಆದ್ದರಿಂದ ಇಡೀ ಚೌಕಟ್ಟಿಗಲ್ಲ, ಬೋಲ್ಟು-ನಟ್ಟುಗಳಿಗೆ ಮಾತ್ರ ಬಳಸುತ್ತಾರೆ.

ಲೋಹಗಳ ಜಗಳ ಎಷ್ಟು ಹಟದ್ದು ಎಂಬುದಕ್ಕೆ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯೇ ಸಾಕ್ಷಿ. 1886ರಲ್ಲಿ ಲೋಕಾರ್ಪಣೆಯಾದ ಆ ಪ್ರತಿಮೆಯ ಚರ್ಮ ತಾಮ್ರ, ದಪ್ಪ ಎರಡೂವರೆ ಮಿಲಿಮೀಟರಿಗೂ ಕಡಿಮೆ. ಒಳಗಿನ ಎಲುಬು ಗುಸ್ತಾವ್ ಐಫೆಲ್ ಯೋಜಿಸಿದ ಕಬ್ಬಿಣ. ತಾಮ್ರ ಮತ್ತು ಕಬ್ಬಿಣ! ಕಟ್ಟಿದವರಿಗೆ ಅಪಾಯ ಗೊತ್ತಿತ್ತು. ಎರಡರ ನಡುವೆ ಅರಗಿನಲ್ಲಿ ಅದ್ದಿದ ಕಲ್ನಾರನ್ನು ಇಟ್ಟಿದ್ದರು. ಹಡಗಿನ ಕಂದು ಕಾಗದದ ಕೆಲಸವನ್ನೇ ಇಲ್ಲಿ ಕಲ್ನಾರು ಮಾಡಬೇಕಿತ್ತು. ಆದರೆ ವರ್ಷಗಳು ಉರುಳಿದಂತೆ ಅರಗು ಹೋಯಿತು, ಕಲ್ನಾರು ನೀರು ಹೀರಿಕೊಂಡು ಒದ್ದೆಬಟ್ಟೆಯಾಯಿತು. ವೋಲ್ಟಾನ ಬಿಲ್ಲೆಗಳ ನಡುವಿನ ಬಟ್ಟೆ ನೆನಪಾಯಿತೆ? ಕಬ್ಬಿಣದ ಪಟ್ಟಿಗಳು ತುಕ್ಕಿನಿಂದ ಊದಿಕೊಂಡು ತಾಮ್ರದ ರಿವೆಟ್ಟುಗಳನ್ನು ಕಿತ್ತೆಸೆದವು. 1984ರಿಂದ 1986ರವರೆಗೆ ನಡೆದ ದುರಸ್ತಿಯಲ್ಲಿ ಸಾವಿರಕ್ಕೂ ಹೆಚ್ಚು ಪಟ್ಟಿಗಳನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿ, ನಡುವೆ ನೀರು ಹೀರದ ಟೆಫ್ಲಾನ್ ಇಟ್ಟರು.

ಸೌರಕೋಶ ಈ ಇತಿಹಾಸಕ್ಕೆ ತಡವಾಗಿ ಬಂದ ನೆಂಟ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚಾಪಿನ್, ಫುಲರ್, ಪಿಯರ್ಸನ್ ಎಂಬ ಮೂವರು 1954ರಲ್ಲಿ ಸಿಲಿಕಾನ್ ಸೌರಕೋಶವನ್ನು ಪ್ರದರ್ಶಿಸಿದಾಗ ಅದು ಬಿಸಿಲಿನ ನೂರಕ್ಕೆ ಆರು ಪಾಲನ್ನು ವಿದ್ಯುತ್ತಾಗಿಸುತ್ತಿತ್ತು. 1958ರಲ್ಲಿ ವ್ಯಾನ್‌ಗಾರ್ಡ್ ಉಪಗ್ರಹದ ಮೇಲೇರಿ ಅದು ಬಾಹ್ಯಾಕಾಶಕ್ಕೆ ಹೋಯಿತು. ಅಲ್ಲಿ ಮಳೆಯಿಲ್ಲ, ಇಬ್ಬನಿಯಿಲ್ಲ, ಬಿರುಗಾಳಿಯಿಲ್ಲ. ತುಕ್ಕಿನ ಚಿಂತೆಯೇ ಇಲ್ಲ. ನೆಲಕ್ಕಿಳಿದು ಮನೆಯ ಛಾವಣಿ ಏರಿದ ಮೇಲೆ ಹಡಗುಕಟ್ಟೆಯ ಹಳೆಯ ಸಮಸ್ಯೆಗಳೆಲ್ಲ ಅದನ್ನು ಮುತ್ತಿಕೊಂಡವು.

ಮೊದಲನೆಯದು ಗಾಳಿ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹಿಡಿದು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಎಂಬುದು ಸಿಗುತ್ತದೆ. ಬೆಂಗಳೂರಿಗೆ ಭಾರತೀಯ ಮಾನಕ ಸೂಚಿಸಿರುವ ಮೂಲ ವೇಗ 33 ಮೀಟರ್. ಲೆಕ್ಕ ಮಾಡಿ: ಸುಮಾರು 653 ನ್ಯೂಟನ್. ಎರಡು ಚದರ ಮೀಟರಿನ ಫಲಕದ ಮೇಲೆ ಇದು 130 ಕಿಲೋಗ್ರಾಂ ಭಾರಕ್ಕೆ ಸಮ. ಫಲಕದ ಸ್ವಂತ ತೂಕವೋ 25 ಕಿಲೋಗ್ರಾಂನ ಆಸುಪಾಸು. ಅಂದರೆ ಕಾಲುಗಳ ಕೆಲಸ ಫಲಕವನ್ನು ಹೊರುವುದಕ್ಕಿಂತ ಹೆಚ್ಚಾಗಿ ಅದು ಹಾರದಂತೆ ಹಿಡಿದುಕೊಳ್ಳುವುದು. ಇಲ್ಲಿ ಉಕ್ಕಿಗೆ ಮೇಲುಗೈ. ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲು ತೂಗುತ್ತದೆ, ನಿಜ. ಆದರೆ ಅದೇ ಆಕಾರದ ಪಟ್ಟಿ ಅದೇ ಭಾರಕ್ಕೆ ಮೂರು ಪಟ್ಟು ಬಾಗುತ್ತದೆ. ಬಯಲಿನ ಕಂಬಗಳಿಗೆ ಉಕ್ಕು, ಹಗುರ ಬೇಕಾದ ಮನೆಯ ಛಾವಣಿಯ ಹಳಿಗಳಿಗೆ ಅಲ್ಯೂಮಿನಿಯಂ ಎಂಬ ಹಂಚಿಕೆ ಹೀಗೆ ಬಂತು. ಬಿಸಿಲಿಗೆ ಹಿಗ್ಗುವುದರಲ್ಲೂ ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು: ಆರು ಮೀಟರಿನ ಹಳಿ 40 ಡಿಗ್ರಿ ಕಾವೇರಿದರೆ ಐದೂವರೆ ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೆ ಜಾಗ ಬಿಡದೆ ಬಿಗಿದರೆ ಬೋಲ್ಟು ತಾಳಬೇಕು, ಇಲ್ಲವೆ ಹಳಿ ಡೊಂಕಾಗಬೇಕು.

ಎರಡನೆಯದು ನಮ್ಮ ಹಳೆಯ ಮೊಳೆ. ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು ಹಾಕುತ್ತಾರೆ ಎಂದೆನಲ್ಲ, ಪಟ್ಟಿಯಲ್ಲಿ ಇವೆರಡೂ ಬಹಳ ದೂರದವು. ಹಾಗಿದ್ದರೆ ಚೌಕಟ್ಟು ಕರಗಬೇಡವೆ? ಇಲ್ಲಿ ವಿಸ್ತೀರ್ಣದ ಲೆಕ್ಕ ಬರುತ್ತದೆ. ‘ಅಲಾರ್ಮ್’ ಹಡಗಿನಲ್ಲಿ ಕರಗುವ ಕಬ್ಬಿಣ ಸಣ್ಣದು, ಕರಗಿಸುವ ತಾಮ್ರ ಎಕರೆಗಟ್ಟಲೆ ಎನ್ನುವಂತೆ ದೊಡ್ಡದು. ದೊಡ್ಡ ತಾಮ್ರದ ಹಸಿವೆಲ್ಲ ಸಣ್ಣ ಮೊಳೆಯ ಮೇಲೆ ಬಿತ್ತು. ಫಲಕದಲ್ಲಿ ಅದು ತಿರುಗುಮುರುಗು: ಕರಗಿಸುವ ಬೋಲ್ಟು ಸಣ್ಣದು, ಕರಗಬಹುದಾದ ಚೌಕಟ್ಟು ದೊಡ್ಡದು. ಸವೆತ ವಿಶಾಲವಾಗಿ ಹಂಚಿಹೋಗಿ ನಗಣ್ಯವಾಗುತ್ತದೆ. ಅದೇ ಒಬ್ಬರು ಹಣ ಉಳಿಸಲೆಂದು ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಪಟ್ಟಿಗೆ ಸತು ಬಳಿದ ಸಣ್ಣ ಬೋಲ್ಟು ಹಾಕಿದರೆ 1763ರ ವರದಿಯನ್ನು ಮತ್ತೆ ಬರೆಯಬೇಕಾಗುತ್ತದೆ. ಕಡಲತೀರದಲ್ಲಿ ಮಾತ್ರ ಒಳ್ಳೆಯ ಜೋಡಿಗೂ ನಡುವೆ ರಬ್ಬರಿನ ಅಥವಾ ಪ್ಲಾಸ್ಟಿಕ್ಕಿನ ವಾಷರ್ ಬೇಕು. ಕಂದು ಕಾಗದದ ಕೆಲಸ ಈಗ ಅದರದು.

ಎಲ್ಲಕ್ಕಿಂತ ಹೆಚ್ಚು ಎಡವುವುದು ತಾಮ್ರದಲ್ಲಿ. ಸಿಡಿಲಿನ, ಸೋರುವ ವಿದ್ಯುತ್ತಿನ ಅಪಾಯಕ್ಕಾಗಿ ಚೌಕಟ್ಟನ್ನು ಭೂಮಿಗೆ ಸಂಪರ್ಕಿಸಲೇಬೇಕು. ಬರಿಯ ತಾಮ್ರದ ತಂತಿಯನ್ನು ಅಲ್ಯೂಮಿನಿಯಂಗೆ ಸುತ್ತಿ ಬಿಗಿದರೆ ತಂತಿಯ ಕೆಳಗೆ ಬಿಳಿಯ ಪುಡಿ ಹುಟ್ಟಿ ಸಂಪರ್ಕವೇ ತಪ್ಪುತ್ತದೆ. ಅದಕ್ಕೆ ತವರ ಲೇಪಿಸಿದ ತಾಮ್ರದ ತುದಿ, ನಡುವೆ ಸ್ಟೇನ್‌ಲೆಸ್ ಸ್ಟೀಲಿನ ಹಲ್ಲುಳ್ಳ ವಾಷರ್. ಹಲ್ಲು ಏಕೆಂದರೆ ಅನೋಡೈಸ್ ಮಾಡಿದ ಪೊರೆ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಅದನ್ನು ಕಚ್ಚಿ ಒಳಗಿನ ಲೋಹವನ್ನು ಮುಟ್ಟಬೇಕು. ತುಕ್ಕಿನಿಂದ ಕಾಯುವ ಪೊರೆಯನ್ನು ಸುರಕ್ಷತೆಗಾಗಿ ನಾವೇ ಒಂದು ಚುಕ್ಕೆಯಷ್ಟು ಒಡೆಯಬೇಕಾದ ಪ್ರಸಂಗ ಇದು. ತಾಮ್ರದ ಮೇಲಿಂದ ಹರಿದುಬಂದ ಮಳೆನೀರು ಕೂಡ ಸತುವಿನ ಲೇಪವನ್ನು ತಿನ್ನುತ್ತದೆ. ಆದ್ದರಿಂದ ತಂತಿ ಯಾವಾಗಲೂ ಕೆಳಗಿರಲಿ, ಜಿ.ಐ. ಮೇಲಿರಲಿ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ಮನೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಸಾಧನ ಹಾಕಿಸಿದಾಗ, ಕೊಳಾಯಿ ಕೆಲಸದವರು ಅದರ ತಾಮ್ರದ ಕೊಳವೆಯನ್ನು ನೇರವಾಗಿ ಜಿ.ಐ. ಪೈಪಿಗೆ ಸೇರಿಸಿ ಹೋದರು. ನಾನು ಪಕ್ಕದಲ್ಲೇ ನಿಂತಿದ್ದೆ. ತರಗತಿಯಲ್ಲಿ ಕ್ರಿಯಾಶೀಲತೆಯ ಶ್ರೇಣಿಯನ್ನು ಎಷ್ಟು ಬಾರಿ ಒಪ್ಪಿಸಿದ್ದೆನೋ, ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ನಾಲ್ಕನೆಯ ವರ್ಷ ಜೋಡಣೆಯ ಬಳಿ ಸೋರತೊಡಗಿತು. ಬಿಚ್ಚಿದಾಗ ತಾಮ್ರ ಹೊಸದರಂತಿತ್ತು, ಜಿ.ಐ. ಪೈಪಿನ ಮರೆ ಕೈಯಲ್ಲೇ ಪುಡಿಯಾಯಿತು. ಈಗ ನಡುವೆ ಒಂದು ಮೊಳ ಬಿಸಿನೀರು ತಾಳುವ ಪ್ಲಾಸ್ಟಿಕ್ ಕೊಳವೆ ಹಾಕಿಸಿದ್ದೇನೆ. ಮುಂದಿನ ಮಳೆಗಾಲಕ್ಕೆ ಮೊದಲು ಒಮ್ಮೆ ಬಿಚ್ಚಿ ನೋಡಬೇಕು.